ಊರಲ್ಲಿ ಬಿಟ್ಟು ಹೋಗಲಿಕ್ಕೆ ಒಬ್ಬಳು ಹೆಂಡತಿ

"ಹೆಂಡತಿ ಅದಾಳೇನು?" ಎಂದು ಪ್ರಭುಲಿಂಗಪ್ಪ ಕೇಳಿದ.

ದುರಗೇಶ ಇಲ್ಲವೆಂದ.

"ಹೊಲ?"

ಹೊಲ ಅಪ್ಪನ ಹೆಸರಿನಲ್ಲಿತ್ತು.

"ಹಂಗಾರ ನೀ ತಿರುಗಿ ಯಾಕ ಬರ್ತೀ? ಆ ಸಾಹೇಬಂದು ಬಿಡು, ನಾ ಅಲ್ಲಿ ಕುಂತಿದ್ರೂ ನಿನಗ ವೀಸಾ ಕೊಡ್ತಿದ್ದಿಲ್ಲ."

ಗಜೇಂದ್ರಗಡದ ಬಸ್ ನಿಲ್ದಾಣದ ಎದುರು, ಸೀರೆ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರಭುಲಿಂಗಪ್ಪನ ವೀಸಾ ಸಲಹಾ ಕೇಂದ್ರ. ಆತ ವಿಮಾನ ನೋಡಿದ್ದು ಆಕಾಶದಲ್ಲಿ ಮಾತ್ರ. ಮೊದಲು ಬೋರ್‌ವೆಲ್ ಏಜೆಂಟನಾಗಿದ್ದ. ನೀರು ಬೀಳದಿದ್ದರೆ ಭೂಮಿಯನ್ನು ಬೈಯುತ್ತಿದ್ದ. ಈಗ ವೀಸಾ ಸಿಗದಿದ್ದರೆ ಅರ್ಜಿ ಹಾಕಿದವನನ್ನು ಬೈಯುತ್ತಾನೆ. ಶ್ರಾವಣ ಸೋಮವಾರ ಬಿಟ್ಟರೆ ಉಳಿದ ದಿನ ವೀಸಾ ಸಾಹೇಬರ ಬುದ್ಧಿ ನೆಟ್ಟಗಿರುವುದಿಲ್ಲ ಎಂಬುದು ಅವನ ನಂಬಿಕೆ. ತನ್ನ ಗಿರಾಕಿಗಳಿಗೆಲ್ಲ ಅದೇ ದಿನದ ಸಂದರ್ಶನ ಹಿಡಿದು ಕೊಡುತ್ತಿದ್ದ. ಇಂಥವನ ಮುಂದೆ ಡಿಗ್ರಿ ಆದವರು ಚಪ್ಪಲಿ ಹೊರಗೆ ಬಿಟ್ಟು ಕೂರುತ್ತಿದ್ದರು.

ದುರಗೇಶ ಸೂಡಿಯ ಶಿವನಪ್ಪನ ಮಗ. ಡಿಗ್ರಿ ಮುಗಿಸಿ, ಅಪ್ಪ ದುಡಿದದ್ದನ್ನು ಉಣ್ಣುತ್ತ, ಊರನ್ನು ಬೈಯುತ್ತ ಕೂತವನು. ಬಿಸಿಲು ಸರಿಯಿಲ್ಲ, ಬಸ್ಸು ಸರಿಯಿಲ್ಲ, ಜನ ಸರಿಯಿಲ್ಲ. ಪರದೇಶದ ಕಾಲೇಜೊಂದರಲ್ಲಿ ಸೀಟು ಸಿಕ್ಕಿತ್ತು. ಓದು ಬರೀ ನೆಪ. ತಿರುಗಿ ಬರುವ ಮನಸ್ಸು ಜೋಳದ ಕಾಳಿನಷ್ಟೂ ಇರಲಿಲ್ಲ. ವೀಸಾ ಸಾಹೇಬರು ಅದನ್ನು ಮುಖದಲ್ಲೇ ಓದಿದರು. ಓದು ಮುಗಿದ ಮೇಲೆ ಊರಿಗೆ ಮರಳುತ್ತೀರೆಂಬ ನಂಬಿಕೆ ನಮಗಿಲ್ಲ ಎಂದು ಹೇಳಿ ಕಳಿಸಿದರು. ಇನ್ನೊಂದು ಸಲ ಪ್ರಯತ್ನಿಸಬಹುದಿತ್ತು. ಅದೂ ತಪ್ಪಿದರೆ ಸೀಟು ಹೋಗುತ್ತಿತ್ತು, ಜೀವನಪೂರ್ತಿ ಸೂಡಿಯೇ.

ಪ್ರಭುಲಿಂಗಪ್ಪ ಉಪಾಯ ಹೇಳಿದ.

"ಹೊಲಕ್ಕ ನಿನ್ನ ಹೆಸರು ಹಚ್ಚಸು. ಒಂದು ಲಗ್ನ ಆಗು. ಆಕಿನ್ನ ಇಲ್ಲೇ ಬಿಡು, ಫೋಟೋ ಒಯ್ದು ಸಾಹೇಬ್ಗ ತೋರಿಸು. ಜಕ್ಕಲ್ಯಾಗ ಒಂದು ಹುಡುಗಿ ಐತಿ, ನಾನೇ ಮಾತಾಡ್ತೀನಿ."

ಶಿವನಪ್ಪ ಹೊಲ ಬರೆದುಕೊಟ್ಟ. ಮಗ ಲಗ್ನಕ್ಕೆ ಒಪ್ಪಿದನೆಂಬ ಖುಷಿಯಲ್ಲಿ ಬೇರೇನೂ ಕೇಳಲಿಲ್ಲ.

ಜಕ್ಕಲಿಗೆ ಹೆಣ್ಣು ನೋಡಲು ಹೋದರು. ಹುಡುಗಿಯ ಹೆಸರು ಪೂಜಾ. ದುರಗೇಶನ ತಾಯಿ ಸಕ್ಕೂಬಾಯಿ ಆಕೆಯನ್ನು ನಡೆಸಿ ನೋಡಿದಳು, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದಳು, ಕೂದಲಿನ ಉದ್ದ ನೋಡಿದಳು. ಮಗಳು ಗದಗಿನಲ್ಲಿ ಓದಿದ್ದಾಳೆಂದು ಹುಡುಗಿಯ ಅಪ್ಪ ಏನೋ ಹೇಳತೊಡಗಿದ. ಏನು ಓದಿದ್ದಾಳೆಂದು ಬಂದವರಲ್ಲಿ ಒಬ್ಬರೂ ಕೇಳಲಿಲ್ಲ. ದುರಗೇಶ ಮೊಬೈಲಿನಲ್ಲಿ ಪರದೇಶದ ಹಿಮ ನೋಡುತ್ತಿದ್ದ. ರೊಟ್ಟಿ ಬಡಿಯುವವಳ ಓದು ಕಟ್ಟಿಕೊಂಡು ಅವನಿಗೇನು?

ಏಳುವ ಮುಂಚೆ ಶಿವನಪ್ಪ ಉಪಚಾರಕ್ಕೆಂದು, ನಿನಗೇನಾದರೂ ಕೇಳುವುದಿದೆಯೇ ತಂಗಿ ಎಂದ.

"ಹೊಲ ಅವರ ಹೆಸರಿಗೇ ಆಗೈತೇನ್ರಿ?" ಎಂದಳು ಪೂಜಾ.

ಎಲ್ಲರೂ ನಕ್ಕರು. ಆಸೆಬುರುಕಿ ಎಂದುಕೊಂಡ ದುರಗೇಶ. ಒಳ್ಳೆಯದೇ ಆಯಿತು. ಇಂಥವಳು ಹೊಲ ಕಾಯುತ್ತ ಸಾಯುವವರೆಗೂ ಸೂಡಿಯಲ್ಲೇ ಬಿದ್ದಿರುತ್ತಾಳೆ.

ಬೇಸಿಗೆಯಲ್ಲಿ ಮಠದ ಸಾಮೂಹಿಕ ವಿವಾಹದಲ್ಲಿ ತಾಳಿ ಕಟ್ಟಿದ. ಅರಿಸಿನ ಆರುವ ಮೊದಲೇ ಪೂಜಾ ರೋಣಕ್ಕೆ ಹೋಗಿ ಮದುವೆ ನೋಂದಣಿ ಮಾಡಿಸೋಣವೆಂದು ದುಂಬಾಲು ಬಿದ್ದಳು. ವೀಸಾಕ್ಕೆ ಆ ಪತ್ರ ಬೇಕು, ತಾನು ಹೇಗೆ ಬಾಯಿಬಿಡಲಿ ಎಂದು ಯೋಚಿಸುತ್ತಿದ್ದವನಿಗೆ ಹಾದಿ ತಾನಾಗಿ ತೆರೆಯಿತು. ಗಂಡ ಕೈಬಿಟ್ಟಾನೆಂದು ಅಂಜಿದ್ದಾಳೆ ಅಂತ ಪ್ರಭುಲಿಂಗಪ್ಪನ ಮುಂದೆ ಹೇಳಿ ನಕ್ಕ. ಪ್ರಭುಲಿಂಗಪ್ಪ ಇನ್ನೂ ಜೋರಾಗಿ ನಕ್ಕ.

ಪರದೇಶದ ಮಾತನ್ನು ದುರಗೇಶ ಹೆಂಡತಿಗೆ ಹೇಳಿರಲಿಲ್ಲ. ಹೇಳಿದರೆ ಅತ್ತು ರಂಪ ಮಾಡುತ್ತಾಳೆ. ವಿಮಾನ ಏರಿದ ಮೇಲೆ ಒಂದು ಫೋನ್ ಮಾಡಿದರಾಯಿತು. ಒಂದು ರಾತ್ರಿ ಆಕೆಯೇ ಕೇಳಿದಳು.

"ನೀವು ಊರು ಬಿಟ್ಟು ಎಲ್ಲೂ ಹೋಗೂದಿಲ್ಲಲ್ರೀ?"

"ನಿನ್ನ ಬಿಟ್ಟು ಎಲ್ಲಿ ಹೋಗ್ಲಿ?"

"ಅಷ್ಟಾದ್ರ ಸಾಕ್ರಿ ನನಗ."

ಎಷ್ಟು ಸುಲಭಕ್ಕೆ ನಂಬುತ್ತವೆ ಈ ಹಳ್ಳಿ ಹುಡುಗಿಯರು ಎಂದುಕೊಂಡು ಮಗ್ಗುಲು ಹೊರಳಿದ.

ಪಂಚಮಿಗೆ ಕರೆಯಲು ಪೂಜಾಳ ಅಣ್ಣ ಬೈಕಿನಲ್ಲಿ ಬಂದ. ಆಕೆ ದೊಡ್ಡ ಚೀಲ ತುಂಬಿಕೊಂಡಳು. ಸಕ್ಕೂಬಾಯಿ ಉಂಡಿ ಕಟ್ಟಿಕೊಟ್ಟು, ಲಗೂ ಬಾ ಎಂದಳು. ಪೂಜಾ ಅತ್ತೆಯ ಕಾಲಿಗೆ ಬಿದ್ದಳು, ಮಾವನ ಕಾಲಿಗೂ ಬಿದ್ದಳು. ಪಂಚಮಿಗೆ ಇಷ್ಟೆಲ್ಲ ಯಾಕೆ ಎಂದು ದುರಗೇಶನಿಗೆ ನಗು ಬಂತು. ಪೀಡೆ ಸರಿಯಾದ ಹೊತ್ತಿಗೆ ತೊಲಗಿತು ಎಂದುಕೊಂಡು, ನೌಕರಿ ಪರೀಕ್ಷೆಯಿದೆಯೆಂದು ಮನೆಯಲ್ಲಿ ಸುಳ್ಳು ಹೇಳಿ ರೈಲು ಹತ್ತಿದ.

ಶ್ರಾವಣ ಸೋಮವಾರ ಮಧ್ಯಾಹ್ನ ವೀಸಾ ಕಚೇರಿಯಲ್ಲಿ ಅವನ ಸರದಿ ಬಂತು. ಗಾಜಿನ ಆಚೆ ಕೂತ ಸಾಹೇಬರು ಓದಿನ ಬಗ್ಗೆ ಕೇಳಿದರು, ಹೊಲದ ಬಗ್ಗೆ ಕೇಳಿದರು. ಹೆಂಡತಿ ಎಲ್ಲಿದ್ದಾಳೆ ಎಂದಾಗ ದುರಗೇಶ ಪ್ರಭುಲಿಂಗಪ್ಪ ಕಲಿಸಿದಂತೆ ಮುಖ ಸಣ್ಣದು ಮಾಡಿದ. ಊರಲ್ಲಿದ್ದಾಳೆ, ಗದಗು ದಾಟಿ ಆಚೆ ಕಂಡವಳಲ್ಲ, ತನ್ನ ಹೊರತು ಅವಳಿಗೆ ಯಾರೂ ಇಲ್ಲ ಎಂದ. ಕಣ್ಣಲ್ಲಿ ನೀರೂ ತಂದುಕೊಂಡ. ಮದುವೆಯ ಫೋಟೋವನ್ನು ಗಾಜಿನ ಕೆಳಗಿನಿಂದ ಒಳಗೆ ಸರಿಸಿದ.

ಸಾಹೇಬರು ಫೋಟೋವನ್ನು ಬಹಳ ಹೊತ್ತು ನೋಡಿದರು. ಕೆಲಸ ಆಯಿತು ಎಂದುಕೊಂಡ ದುರಗೇಶ.

"ಈ ಫೋಟೋವನ್ನು ನಾನು ಬೆಳಿಗ್ಗೆಯೇ ನೋಡಿದ್ದೇನೆ," ಎಂದರು ಅವರು. "ಗಂಡ ಊರು ಬಿಟ್ಟು ಎಲ್ಲಿಗೂ ಹೋಗುವವನಲ್ಲ, ಅವನಿಗಾಗಿ ತಿರುಗಿ ಬಂದೇ ಬರುತ್ತೇನೆ ಎಂದು ಹೇಳಿ ನಿಮ್ಮ ಹೆಂಡತಿ ವೀಸಾ ಪಡೆದು ಹೋದರು."