ಎದುರಂಗಡಿಯ ಮೆಷಿನ್

ಟೈಲರಮ್ಮ ಬೇಕಿಲ್ಲದಿದ್ದರೂ ದಾರದ ರೀಲುಗಳನ್ನೆಲ್ಲ ಆರಿಸಿ ಹೊಲಿಗೆ ಸಾಮಾನಿನ ಅಂಗಡಿಯ ಕೌಂಟರಿನ ಮೇಲೆ ಸುರಿದಳು. ತನ್ನ ಅಂಗಡಿಯ ಹೆಸರಲ್ಲಿ ತೆಗೆದ ಹೊಸ ಕ್ರೆಡಿಟ್ ಕಾರ್ಡಿನಲ್ಲಿ ಇವತ್ತಿನೊಳಗೆ ಬ್ಯಾಂಕಿನವರು ಹೇಳಿದಷ್ಟು ಖರ್ಚಾದರೆ ಬೋನಸ್ಸಾಗಿ ವಿಮಾನದ ಟಿಕೆಟ್ ಸಿಗುತ್ತದೆ, ಬಾಣಂತಿ ಮಗಳ ಹತ್ತಿರ ಹೋಗಬಹುದು. ಆದರೆ ರೀಲುಗಳಿಂದ ಲೆಕ್ಕ ಮುಟ್ಟುವಂತಿರಲಿಲ್ಲ.

"ಅದೆಲ್ಲ ವಾಪಸ್ ಇಡಮ್ಮ," ಎಂದ ಹಿಂದೆ ನಿಂತಿದ್ದ ಎದುರಂಗಡಿಯ ಟೈಲರ್. ಗಿರಾಕಿಯೊಬ್ಬರ ಕೋಟಿನ ಜಗಳದಲ್ಲಿ ಅವಳ ಜೊತೆ ಮಾತು ಬಿಟ್ಟಿದ್ದವನು! "ನನ್ನ ಮೆಷಿನ್ ಕೆಟ್ಟು ಕೂತಿದೆ, ಹೊಸದು ತಗೋಬೇಕು. ನಿನ್ನ ಕಾರ್ಡಲ್ಲೇ ಬಿಲ್ ಮಾಡಿಸು, ದುಡ್ಡು ಈಗಲೇ ಕೊಡ್ತೀನಿ."

"ಕಾರ್ಡಿನ ವಿಷಯ ನಿಮಗ್ಯಾರು ಹೇಳಿದ್ದು?"

"ಬೀದಿಗೆಲ್ಲ ಡಂಗೂರ ಹೊಡೆದಿದ್ದೀಯಲ್ಲ, ನಾನೇನು ಕಿವುಡನಾ?"

ಅವಳು ಕಾರ್ಡ್ ಚಾಚಿದಳು. ಬೆಳಗಿನಿಂದ ಅವನ ಮೆಷಿನ್ ಕಟಕಟನೆ ಓಡುತ್ತಲೇ ಇತ್ತು. ಅವಳೂ ಕಿವುಡಿಯಲ್ಲ.