ಮೆಟ್ಟಿಲ ಮೇಲೆ ಗಂಗೋತ್ರಿ

ಈ ಸಲವೂ ಹುಡುಗಿ ಗುಂಡಿಗೆ ಬಿದ್ದಳು. ಮೊಬೈಲಿನ ಪರದೆಯಲ್ಲಿ ನೀಲಿ ನೀರು ಒಮ್ಮೆ ಅಲುಗಿ ಸುಮ್ಮನಾಯಿತು. ‘ಮತ್ತೆ ಆಡಿ’ ಎಂಬ ಅಕ್ಷರಗಳು ಮೂಡಿದವು. ಕರೆಂಟ್ ಹೋಗಿತ್ತು. ಪದ್ಮಾವತಮ್ಮ ಮೊಬೈಲನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟು ಸೆರಗಿಗೆ ಹೆಬ್ಬೆರಳು ಒರೆಸಿಕೊಂಡಳು.

“ನಿಮ್ಮಪ್ಪಗ ಈಜು ಬರ್ತೈತಲ್ಲ. ಆದ್ರೂ ಯಾಕ ಮುಟ್ಟಲಿಲ್ಲ?”

“ಅಪ್ಪ ಬಸ್ ಸ್ಟ್ಯಾಂಡಿಂದ ಓಡ್ಬೇಕಮ್ಮ,” ಎಂದಳು ಮಗಳು ಹೇಮಾ. “ಅವತ್ತು ಪ್ಯಾಂಟಿನ ಗಂಟು ಬಸ್ಸಿಗೆ ಹಾಕಾಕ ಹೋಗಿದ್ರಲ್ಲ.”

ಹೇಮಾ ಪಾಲಿಟೆಕ್ನಿಕ್ಕಿನ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಮಾಡಿದ ಆಟ ಅದು. ರಾಯದುರ್ಗದ ಅವರದೇ ಓಣಿ: ಎರಡೂ ಕಡೆ ಜೀನ್ಸ್ ಹೊಲಿಯುವ ಮನೆಗಳು, ಕೊನೆಯಲ್ಲಿ ಪ್ಯಾಂಟು ತೊಳೆದ ನೀಲಿ ನೀರು ನಿಲ್ಲುವ ಗುಂಡಿ. ಹೋದ ಬೇಸಿಗೆಯಲ್ಲಿ ತಂಗಿ ಗಂಗೋತ್ರಿ ಮುಳುಗಿ ಹೋದದ್ದು ಅದರಲ್ಲೇ. ಆಟದಲ್ಲಿ ಅವಳು ಬೀಳುವ ಮೊದಲೇ ಗುಂಡಿ ಮುಟ್ಟಲು ಮನೆಯವರಲ್ಲಿ ಯಾರಾಗಿ ಬೇಕಾದರೂ ಓಡಬಹುದು. ಅಪ್ಪನಿಗೆ ಈಜು ಬರುತ್ತದೆ. ಅಜ್ಜಿಗೆ ಎಲ್ಲರ ಹಿತ್ತಲ ದಾರಿಯೂ ಗೊತ್ತು, ಆದರೆ ಮಂಡಿ ನೋವು. ಅಕ್ಕ ಎಲ್ಲರಿಗಿಂತ ಜೋರಾಗಿ ಓಡುತ್ತಾಳೆ, ಆದರೆ ಕಾಲೇಜಿನಿಂದ ಹೊರಡಬೇಕು. ಅಮ್ಮನಿಗೆ ಮಗಳ ದನಿ ಎಷ್ಟು ದೂರದಿಂದಲೂ ಕೇಳಿಸುತ್ತದೆ, ಕರೆಂಟ್ ಬರುವ ತನಕ. ಕರೆಂಟ್ ಬಂದ ಕೂಡಲೇ ಓಣಿಯ ಮಿಷನ್ನುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ. ಅವತ್ತೂ ಬೆಳಗ್ಗೆಯಿಂದ ಇಲ್ಲದ ಕರೆಂಟ್ ಆಗಷ್ಟೇ ಬಂದಿತ್ತು.

ಬಾಗಿಲ ಬಳಿ ಕೂತು ಹೊಲಿದ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದ ಅಜ್ಜಿ ಪಾಪಕ್ಕ ತಲೆಯೆತ್ತದೆ ಕೇಳಿದಳು, “ನನ್ ಬೆನ್ನು ಅಷ್ಟೊಂದು ಬಗ್ಗೈತೇನೇ? ಕುಡುಗೋಲು ಇದ್ದಂಗ ಬರ್ದೀಯಲ್ಲ.”

“ಇದ್ದದ್ದಕ್ಕಿಂತ ನೆಟ್ಟಗೇ ಬರ್ದೀನಿ ಅಜ್ಜಿ.” ಹೇಮಾ ತಾಯಿಯ ಕಡೆ ತಿರುಗಿದಳು. “ಸರ್ ವಾಪಸ್ ಕೊಟ್ಟಾರಮ್ಮ. ಒಬ್ರಾದ್ರೂ ಮುಟ್ಟಲೇಬೇಕಂತೆ. ಗೆಲ್ಲಾಕ ಆಗದ ಆಟ ಯಾರೂ ಎರಡನೇ ಸಲ ಆಡಲ್ಲಂತೆ. ನಾಳೆ ಕೊಡ್ಬೇಕು. ಯಾರನ್ನ ಮುಟ್ಟಿಸ್ಲಿ?”

ಕತ್ತರಿ ನಿಂತಿತು.

“ನನ್ನ ಬ್ಯಾಡ,” ಎಂದಳು ಪಾಪಕ್ಕ. “ಅದ್ರಾಗ ಓಡಿ ಎತ್ಕೊಂಡು ಬಂದ್ರೆ, ಇಲ್ಲಿ ಕುಂತು ಹೆಂಗ ಉಣ್ಲಿ ನಾನು?”

“ಅಪ್ಪನ್ನ?”

“ಅವ್ರಿಗೆ ಇದನ್ನ ತೋರಿಸ್ಲೇಬ್ಯಾಡ,” ಎಂದಳು ಪದ್ಮಾವತಮ್ಮ.

“ಹಂಗಾದ್ರೆ ನಿನ್ನೇ ಮುಟ್ಟಿಸ್ತೀನಿ. ಕರೆಂಟ್ ಒಂದು ನಿಮಿಷ ತಡ ಆಗಿ ಬರಂಗ ಮಾಡಿದ್ರೆ ಸಾಕಮ್ಮ. ನಿನಗ ಕೇಳಿಸ್ತೈತಿ.”

ಒಂದು ನಿಮಿಷ, ಎಂದು ಪದ್ಮಾವತಮ್ಮ ಬಾಯೊಳಗೇ ಹೇಳಿಕೊಂಡಳು. ಮೊಬೈಲ್ ಎತ್ತಿಕೊಂಡು, ಸಾಲಾಗಿ ನಿಂತ ಬೊಂಬೆಗಳ ಮೇಲೆ ಬೆರಳಾಡಿಸಿದಳು.

“ಗಂಗೋತ್ರಿ ಆಗಿ ಆಡಾಕ ಬರಲ್ಲೇನು?”

ಹೇಮಾ ತಡವರಿಸಿದಳು. “ಅಕಿಗೆ ಏನೂ ಶಕ್ತಿ ಇಟ್ಟಿಲ್ಲಮ್ಮ. ನಡೆಯೋದಷ್ಟೆ.”

“ಸಾಕು. ಮಾಡಿ ಕೊಡು.”

ಹೇಮಾ ಲ್ಯಾಪ್‌ಟಾಪಿನಲ್ಲಿ ಸ್ವಲ್ಪ ಹೊತ್ತು ಏನೋ ಬದಲಿಸಿ ಮೊಬೈಲನ್ನು ತಿರುಗಿ ಕೊಟ್ಟಳು. ಈಗ ಸಾಲಿನ ಕೊನೆಗೆ ಎರಡು ಜಡೆಯ, ಹಳದಿ ಲಂಗದ ಹುಡುಗಿಯೂ ಇದ್ದಳು. ಪದ್ಮಾವತಮ್ಮ ಅವಳನ್ನು ಮುಟ್ಟಿದಳು. ಹುಡುಗಿ ಮನೆಯ ಮೆಟ್ಟಿಲ ಮೇಲೆ ಕಾಲು ಅಲ್ಲಾಡಿಸುತ್ತ ಕೂತಿದ್ದಳು. ದೂರದಲ್ಲಿ ಗುಂಡಿಯ ನೀಲಿ ಹೊಳೆಯುತ್ತಿತ್ತು.

“ಬಾಣದ ಗುರುತು ಒತ್ತಮ್ಮ, ನಡೀತಾಳ.”

“ಬ್ಯಾಡ.”

“ನಡೆಸ್ದಿದ್ರೆ ಆಟ ಮುಂದಕ್ಕ ಹೋಗಲ್ಲ.”

“ಹೋಗೋದು ಬ್ಯಾಡ. ಅಲ್ಲೇ ಕುಂತಿರ್ಲಿ.”

ಅಷ್ಟರಲ್ಲಿ ಕರೆಂಟ್ ಬಂತು. ಓಣಿಯ ಮಿಷನ್ನುಗಳೆಲ್ಲ ಒಮ್ಮೆಲೇ ಗುಡುಗಿದವು. ಹೇಮಾ ಇನ್ನೇನೋ ಹೇಳಿದಳು, ಕೇಳಿಸಲಿಲ್ಲ. ಪದ್ಮಾವತಮ್ಮ ಮೊಬೈಲನ್ನು ದಾರದ ಉರುಳೆಗೆ ಒರಗಿಸಿ ನಿಲ್ಲಿಸಿದಳು. ಪ್ಯಾಂಟಿನ ಕಾಲನ್ನು ಸೂಜಿಯ ಕೆಳಗೆ ತಳ್ಳಿದಳು. ಪರದೆ ಮಂಕಾಗುತ್ತ ಬಂದಾಗಲೆಲ್ಲ ಬಲಗೈ ಬಟ್ಟೆಯನ್ನು ಹಿಡಿದೇ ಇರುತ್ತಿತ್ತು, ಎಡಗೈಯ ಬೆರಳೊಂದು ಹೋಗಿ, ಮೆಟ್ಟಿಲ ಮೇಲಿನ ಹುಡುಗಿಯನ್ನು ಮೆಲ್ಲಗೆ ಮುಟ್ಟಿ ಬರುತ್ತಿತ್ತು.