ಗೋಲಿನ ಹಿಂದಿನ ಬಾಯಿ

ಇವತ್ತು ಆ ಮುದುಕನನ್ನು ಹೊರಗೆ ಅಟ್ಟಿಯೇ ಸೈ ಎಂದುಕೊಂಡೇ ಇಷ್ಬೆಲ್ ಮೈದಾನದ ಕಾವಲಿನವರ ಹಳದಿ ಕೋಟು ತೊಟ್ಟು ಬಂದಿದ್ದಳು. ಪಂದ್ಯ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ, ಆಗಲೇ ಅವನ ಬಾಯಿ ಶುರುವಾಗಿತ್ತು.

"ಎಡಗಡೆ ನೋಡೋ ಕತ್ತೆ! ಆ ಕೆಂಚ ಓಡಿ ಬರ್ತಿದಾನೆ! ಏನು, ನಿಂತಲ್ಲೇ ನಿದ್ದೆ ಹೊಡೀತಿದ್ಯಾ?"

ಬೈಸಿಕೊಂಡವನು ಎದುರಾಳಿಯಲ್ಲ, ನಮ್ಮ ಬ್ಯಾಲಕ್ರೇಗ್ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಗ್ರೆಗರ್. ಅವನು ಹಿಂದಿರುಗಿ ನೋಡಲಿಲ್ಲ. ಎರಡು ಹೆಜ್ಜೆ ಸರಿದು, ನೆಗೆದು, ಚೆಂಡು ಹಿಡಿದ.

ನಮ್ಮವರನ್ನು ನಾವೇ ಬೈಯುವುದು ಬ್ಯಾಲಕ್ರೇಗ್‌ನಲ್ಲಿ ಹೊಸದೇನಲ್ಲ. ಕಡಲಗಾಳಿಗೆ ಮೈಯೊಡ್ಡಿ, ಸಿಮೆಂಟಿನ ಮೆಟ್ಟಿಲ ಮೇಲೆ ನಿಂತು, ಮಾಂಸ ತುಂಬಿದ ಬಿಸಿ ಪೈ ಕಚ್ಚುತ್ತಾ ಬೈಯುವುದಕ್ಕೇ ಅಲ್ಲವೇ ಶನಿವಾರ ಇರುವುದು! ಆದರೆ ಅದಕ್ಕೂ ಒಂದು ಮಿತಿ ಬೇಡವೇ? ಈ ಮುದುಕ ಫೆಬ್ರವರಿಯಿಂದ ಒಂದು ಪಂದ್ಯವನ್ನೂ ತಪ್ಪಿಸಿರಲಿಲ್ಲ. ಯಾರೋ, ಯಾವ ಊರಿನವನೋ. ಬಸ್ಸಿಳಿದು ನೇರ ಗೋಲಿನ ಹಿಂದೆ ಬಂದು ನಿಲ್ಲುವುದು, ತೊಂಬತ್ತು ನಿಮಿಷ ಬೈಯುವುದು, ಹೊರಟುಹೋಗುವುದು. ಜನವರಿಯಲ್ಲಿ ತಲೆಗೆ ಏಟು ಬಿದ್ದು ಗ್ರೆಗರ್ ಮೂರು ವಾರ ಮನೆಯಲ್ಲಿದ್ದ. ಅವನು ಆಟಕ್ಕೆ ಮರಳಿದ ದಿನವೇ ಇವನೂ ಹಾಜರು. ಏಟು ತಿಂದವನನ್ನೇ ಹುಡುಕಿಕೊಂಡು ಬಂದು ಹೊಡೆಯುವ ಬುದ್ಧಿ, ಥೂ ಎಂದುಕೊಂಡಿದ್ದಳು ಇಷ್ಬೆಲ್.

ಅವಳಿಗೆ ಅಷ್ಟು ಸಂಕಟವಾಗಲು ಕಾರಣವಿತ್ತು. ಅವಳ ಮಗ ಯೂಅನ್ ಹದಿನೇಳು ತುಂಬಿದಾಗ ಇದೇ ಮೈದಾನಕ್ಕಿಳಿದಿದ್ದ. ಇಂಥದೇ ಬಾಯಿಗಳು ನಾಲ್ಕೇ ತಿಂಗಳಲ್ಲಿ ಅವನನ್ನು ಮುಗಿಸಿದವು. ಬೂಟು ಬಿಚ್ಚಿಟ್ಟವನು ಮತ್ತೆ ತೊಡಲಿಲ್ಲ, ಅಮ್ಮನ ಜೊತೆ ಸರಿಯಾಗಿ ಮಾತೂ ಆಡಲಿಲ್ಲ. ಅವತ್ತು ಜನರ ನಡುವೆ ನಿಂತು ತಾನು ಬಾಯಿ ಮುಚ್ಚಿಕೊಂಡಿದ್ದೆನಲ್ಲ ಎಂಬ ನೋವು ಅವಳಿಗೆ ಇನ್ನೂ ಆರಿಲ್ಲ.

ಇಂದು ಗ್ರೆಗರ್‌ನ ಹಣೆಬರಹ ತೀರ್ಮಾನವಾಗುವ ದಿನ. ಈ ಸಾಲಿನ ಕೊನೆಯ ಪಂದ್ಯ. ಸಮವಾದರೂ ಸಾಕು, ತಂಡ ಈ ದರ್ಜೆಯಲ್ಲೇ ಉಳಿಯುತ್ತದೆ, ಅವನಿಗೆ ಇನ್ನೊಂದು ವರ್ಷದ ಕೆಲಸ ಸಿಗುತ್ತದೆ. ಸೋತರೆ ಮೂವತ್ತಮೂರರ ಗೋಲ್‌ಕೀಪರನನ್ನು ಯಾರು ಕೇಳುತ್ತಾರೆ? ಮನೆಯಲ್ಲಿ ತುಂಬಿದ ಬಸುರಿ ಬೇರೆ.

ಅರ್ಧ ಆಟ ಮುಗಿಯಿತು. ಯಾರಿಗೂ ಗೋಲಿಲ್ಲ.

ತಂಡಗಳು ಬದಿ ಬದಲಿಸಿದರೆ ನಮ್ಮ ಜನವೂ ಬದಲಿಸುತ್ತದೆ. ನಮ್ಮವರು ಗೋಲು ಹೊಡೆಯುವ ಕಡೆ ನಿಲ್ಲಬೇಕಲ್ಲ! ಪೈ, ಬಿಸಿ ಸಾರಿನ ಲೋಟ ಹಿಡಿದು ಎಲ್ಲರೂ ಮೈದಾನ ಸುತ್ತಿಕೊಂಡು ಹೊರಟರು. ಮುದುಕನೊಬ್ಬ ಮಾತ್ರ ಜನರನ್ನು ಸೀಳಿಕೊಂಡು ಎದುರು ಬಂದ. ಗ್ರೆಗರ್ ಎಲ್ಲಿಗೋ ಇವನೂ ಅಲ್ಲಿಗೆ.

"ಏನಜ್ಜಾ, ನಾವು ಗೋಲು ಹೊಡಿಯೋದು ಆ ಕಡೆ! ದಾರಿ ತಪ್ಪಿದ್ಯಾ?" ಎಂದು ಯಾರೋ ನಕ್ಕರು.

"ನೀನು ನಿನ್ನ ಪೈ ತಿನ್ನು ಹೋಗಪ್ಪಾ."

ಇಷ್ಬೆಲ್ ಅಡ್ಡ ನಿಂತಳು. "ಸಾಕು ಯಜಮಾನ್ರೇ. ನಡೀರಿ ಹೊರಗೆ."

"ನಾನೇನು ಮಾಡ್ದೆ ತಾಯಿ?"

"ಮಾಡಿದ್ದೆಲ್ಲಾ ಮೂರು ತಿಂಗಳಿಂದ ಕಿವಿ ತುಂಬಾ ಕೇಳಿದೀನಿ. ಅವನ ಹೊಟ್ಟೆ ಮೇಲೆ ಯಾಕ್ರೀ ಹೊಡೀತೀರಾ?"

ಮುದುಕನ ಮುಖ ಬಿಳಚಿಕೊಂಡಿತು. "ಇನ್ನು ನಲವತ್ತೈದೇ ನಿಮಿಷ, ಬಿಟ್ಬಿಡು. ದಮ್ಮಯ್ಯ ಅಂತೀನಿ. ಆಮೇಲೆ ಈ ಕಡೆ ತಲೆ ಹಾಕಿ ಕೂಡ ಮಲಗಲ್ಲ."

"ಯಾಕೆ, ಬೈದದ್ದು ಸಾಲದಾ?"

ಅವನು ಬಾಯಿ ತೆರೆದ. ಅವಳ ಕೋಟಿನ ಮೇಲಿದ್ದ ಕ್ಲಬ್ಬಿನ ಲಾಂಛನ ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿಕೊಂಡ. "ಹೇಳೋ ಹಾಗಿಲ್ಲ ತಾಯಿ."

"ಹಾಗಾದ್ರೆ ಇರೋ ಹಾಗೂ ಇಲ್ಲ."

ಅವನನ್ನು ಗೇಟಿನಾಚೆ ಬಿಟ್ಟು ಅಗುಳಿ ಹಾಕಿದಳು. ಆಚೆಯಿಂದ ಅವನು ತಗಡು ಬಡಿದ, ಏನೋ ಕೂಗಿದ. ಗದ್ದಲದಲ್ಲಿ ಒಂದೂ ಕೇಳಿಸಲಿಲ್ಲ. ಅವಳು ಬಂದು ಅವನು ನಿಲ್ಲಬೇಕಿದ್ದ ಜಾಗದಲ್ಲೇ, ಗೋಲಿನ ಹಿಂದಿನ ಮೋಟುಗೋಡೆಗೆ ಒರಗಿ ನಿಂತಳು. ಎಷ್ಟೋ ವರ್ಷದಿಂದ ಎದೆಯ ಮೇಲಿದ್ದ ಭಾರ ಇಳಿದಂತಾಗಿ ಅವಳಿಗೆ ಅಳುವೇ ಬಂತು.

ಆ ಬದಿಯಲ್ಲಿ ಈಗ ಎಷ್ಟು ನೆಮ್ಮದಿ! ಗ್ರೆಗರ್ ಒಮ್ಮೆ ಕತ್ತು ಅರ್ಧ ತಿರುಗಿಸಿ ಏನನ್ನೋ ಕಾಯುವವನಂತೆ ನಿಂತ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಪಾಪ, ಹೆದರಿಕೆ ಇನ್ನೂ ಬಿಟ್ಟಿಲ್ಲ ಎಂದುಕೊಂಡಳು.

ಎಪ್ಪತ್ತನೆಯ ನಿಮಿಷದಲ್ಲಿ ಎಡ ಮೂಲೆಯಿಂದ ಒಂದು ಚೆಂಡು ತೇಲಿಬಂತು. ಶಾಲೆಯ ಮಕ್ಕಳೂ ಹಿಡಿಯುವಂಥ ಚೆಂಡು. ಗ್ರೆಗರ್ ಕೈ ಎತ್ತುವಷ್ಟರಲ್ಲಿ ಅದು ಎದುರು ತಂಡದ ಆ ಕೆಂಚನ ಹಣೆಗೆ ತಾಗಿ ಬಲೆಯೊಳಗಿತ್ತು. ಹತ್ತು ನಿಮಿಷ ಕಳೆದು ಅದೇ ಕೆಂಚ, ಅದೇ ಕಡೆಯಿಂದ ಇನ್ನೊಂದು. ಈ ಸಲ ಗ್ರೆಗರ್ ಕದಲಲೂ ಇಲ್ಲ. ದೂರದ ಬದಿಯಲ್ಲಿ ಸಾವಿರ ಜನ ಒಂದೇ ದನಿಯಲ್ಲಿ ಅವನನ್ನು ಉಗಿದರು.

ಕೊನೆಯ ಸೀಟಿ ಮೊಳಗಿತು. ತಂಡದ ಮ್ಯಾನೇಜರ್ ಎಲ್ಲರ ಬೆನ್ನು ತಟ್ಟಿದ, ಗ್ರೆಗರ್‌ನನ್ನು ಮಾತ್ರ ದಾಟಿಕೊಂಡು ಒಳಗೆ ಹೋದ. ಮುಗಿಯಿತು, ಅಷ್ಟೇ.

ಗ್ರೆಗರ್ ಕೈಗವಸನ್ನೂ ಬಿಚ್ಚದೆ, ಗೋಲಿನ ಕಂಬಕ್ಕೆ ಹಣೆ ಆನಿಸಿ ನಿಂತುಬಿಟ್ಟ. ಯೂಅನ್ ಹೀಗೆ ನಿಂತಾಗ ಯಾರೂ ಹತ್ತಿರ ಹೋಗಿರಲಿಲ್ಲ. ಇಷ್ಬೆಲ್ ಮೋಟುಗೋಡೆ ದಾಟಿ ಅವನ ಎಡ ಮಗ್ಗುಲಿಗೆ ಹೋಗಿ, ಹೆಗಲ ಮೇಲೆ ಕೈಯಿಟ್ಟಳು. ಅವನು ತಿರುಗಲಿಲ್ಲ. ಕೈಗವಸಿನಲ್ಲೇ ಆ ಕೈಯನ್ನು ಒತ್ತಿ ಹಿಡಿದುಕೊಂಡ.

"ಅಪ್ಪಾ, ಯಾಕೆ ಸುಮ್ಮನಾಗ್ಬಿಟ್ಟೆ? ಈ ಕಡೆ ಕಣ್ಣು ಹೋಗಿರೋದು ನಿಂಗೊಬ್ಬನಿಗೇ ಅಲ್ವಾ ಗೊತ್ತಿದ್ದಿದ್ದು?"